ಹತ್ತು ಎಂಬ ಸಂಖ್ಯೆಯ ಆಧಾರ

ಸಭಾಧ್ಯಕ್ಷೆಯಾದ ನಮ್ಮ ಫೆಂಗ್‌ಚು ಅಕ್ಕನವರೇ, ಸನ್ಮಾನ ಬೇಡವೆಂದರೂ ಬಿಡದೆ ಕರೆತಂದದ್ದಕ್ಕೆ ಮೊದಲ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ಕುಮಾರಿ ನಿಯೆನ್ ಚಿಯು ಅವರೇ, ಆಕೆಯ ತಂದೆ ಶ್ರೀ ಮುಹುವೊ ಅವರೇ, ತೈಚುಂಗ್‌ನಿಂದ ಬಸ್ಸು ಹಿಡಿದು ಬಂದಿರುವ ಪ್ರೊಫೆಸರ್ ಖಾಂಗ್ ಅವರೇ, ಬೆರಳಿರುವ ಮತ್ತು ಬೆರಳಿಲ್ಲದ ನನ್ನ ಸಭಿಕರೇ,

ನಾನು ಖೊ ಖುನ್‌ಶಾನ್. ತಗಡು ಒತ್ತುವ ಪ್ರೆಸ್ ಯಂತ್ರಕ್ಕೆ ಬೆರಳು ಕೊಟ್ಟವರ ಈ ಸಂಘದ ಕಾರ್ಯದರ್ಶಿ. ಇವತ್ತು ನಮ್ಮ ವಾರ್ಷಿಕೋತ್ಸವ. ನನಗೆ ವಹಿಸಿದ ಕೆಲಸ ಬಹಳ ಸುಲಭದ್ದು. ನಮ್ಮ ಚಿಯು ಸಂಖ್ಯಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದಾಳೆ, ನಮ್ಮ ಬಗ್ಗೆಯೇ ಪ್ರಬಂಧ ಬರೆದಿದ್ದಾಳೆ. ಅವಳ ಎದೆಗೆ ಕೆಂಪು ಹೂವು ಚುಚ್ಚಬೇಕು, ಕೈಗೆ ಮರದ ಫಲಕ ಕೊಡಬೇಕು, ನಾಲ್ಕು ಒಳ್ಳೆಯ ಮಾತಾಡಬೇಕು, ಕೊನೆಗೆ ನಿಮ್ಮೆಲ್ಲರಿಂದ ಘೋಷಣೆ ಕೂಗಿಸಿ ಊಟಕ್ಕೆ ಬಿಡಬೇಕು. ಹೊರಗೆ ಔತಣದ ಅಡುಗೆಯವರು ಮೀನಿನ ಬುಟ್ಟಿಯನ್ನು ಆವಿಗೆ ಇಟ್ಟಾಗಿದೆ. ಫೆಂಗ್‌ಚು ಅಕ್ಕ ಆಗಲೇ ಕಣ್ಣಲ್ಲೇ ಹೇಳಿದ್ದಾರೆ: "ಶಾನಣ್ಣಾ, ಮೀನು ಬೇಯೋದರೊಳಗೆ ಮುಗಿಸು."

ಮುಗಿಸುತ್ತೇನೆ ಅಕ್ಕ. ಮೈಕು ಕೈಗೆ ಸಿಕ್ಕರೆ ಬಿಡದವನು ನಾನು, ಇಡೀ ಚಾಂಗ್‌ಹುವಾ ಜಿಲ್ಲೆಗೆ ಗೊತ್ತು. ಆದರೆ ಇವತ್ತು ಈ ಮೈಕು ಕಾದ ಕಬ್ಬಿಣದ ಹಾಗೆ ಸುಡುತ್ತಿದೆ. ಯಾಕೆ ಎಂದು ನೀವು ಕೇಳಬಹುದು. ನನ್ನ ಬೆನ್ನ ಹಿಂದೆ ಕಟ್ಟಿರುವ ಹಳದಿ ಬಟ್ಟೆಯನ್ನು ಒಮ್ಮೆ ನೋಡಿ. ಏನು ಬರೆದಿದೆ? "ಅವರು ಹೇಳುವುದು ಒಂದು, ನಿಜ ಹತ್ತು!" ಯಾರು ಬರೆಸಿದ್ದು? ನಾನು. ಯಾರು ಕೂಗಿಸಿದ್ದು? ನಾನು. ಮಾಲೀಕರು ಬಚ್ಚಿಟ್ಟ ಅಪಘಾತಗಳು ಲೆಕ್ಕಕ್ಕೆ ಬಂದದ್ದರ ಹತ್ತರಷ್ಟು ಎಂದು ಬೀದಿಬೀದಿಯಲ್ಲಿ ಹೇಳಿದವನು ಯಾರು? ಇದೇ ಖುನ್‌ಶಾನ್.

ಚಿಯು ನಮ್ಮ ಕಚೇರಿಗೆ ಬಂದ ದಿನ ನೆನಪಾಗುತ್ತದೆ. ಬೆನ್ನಿಗೆ ಚೀಲ, ಕೈಯಲ್ಲಿ ಹೆಲ್ಮೆಟ್ಟು. "ಅಣ್ಣ, ನಿಮ್ಮಲ್ಲಿ ಬಂದು ಹೆಸರು ಬರೆಸಿದವರ ಪಟ್ಟಿ ಬೇಕು. ಕಾರ್ಮಿಕ ವಿಮೆಯ ಪಟ್ಟಿ ಸಿಕ್ಕಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ, ಯಾವ ಪಟ್ಟಿಯಲ್ಲೂ ಇಲ್ಲದವರು ಎಷ್ಟು ಜನ ಅಂತ ಅಂದಾಜು ಮಾಡಬಹುದು" ಎಂದಳು. ನಾನು ನಕ್ಕೆ. "ಇಲ್ಲದವರನ್ನ ಹೆಂಗಮ್ಮಾ ಎಣಿಸ್ತೀಯ? ದೆವ್ವ ಕರೀತೀಯಾ?"

ಅವಳು ಕೂತು ಮೀನಿನ ಕೊಳದ ಉಪಮೆ ಹೇಳಿದಳು. ಕರಾವಳಿಯವರಿಗೆ ಮೀನು ಹೇಳಿದರೆ ತಿಳಿಯುತ್ತದೆ. ಒಂದು ಬಲೆ ಮೀನು ಹಿಡಿದು, ರೆಕ್ಕೆಗೆ ಗುರುತು ಹಾಕಿ, ಕೊಳಕ್ಕೆ ಬಿಡು. ಇನ್ನೊಂದು ದಿನ ಮತ್ತೆ ಬಲೆ ಎಸೆ. ಎರಡನೆಯ ಬಲೆಯಲ್ಲಿ ಗುರುತಿನ ಮೀನು ಬಹಳ ಇದ್ದರೆ ಕೊಳ ಚಿಕ್ಕದು. ಎಲ್ಲೋ ಒಂದೆರಡು ಇದ್ದರೆ ಕೊಳ ದೊಡ್ಡದು, ನಿನ್ನ ಕಣ್ಣಿಗೆ ಬೀಳದ ಮೀನು ಅಪಾರ. ವಿಮೆಯ ಪಟ್ಟಿ ಮೊದಲ ಬಲೆ, ನಮ್ಮ ಸಂಘದ ಪಟ್ಟಿ ಎರಡನೆಯದು. ಎಷ್ಟು ಚಂದದ ವಿದ್ಯೆ! ಇಷ್ಟು ವರ್ಷ ನಾವು ಗಂಟಲು ಹರಿದುಕೊಂಡು ಹೇಳಿದ್ದನ್ನು ಈ ಹುಡುಗಿ ಗಣಿತದಲ್ಲಿ ಹೇಳಿಬಿಡುತ್ತಾಳೆ ಎಂದು ಕುಣಿದೆ. ಪಟ್ಟಿ ಕೊಟ್ಟೆ. ಕಚೇರಿಯ ಕೀಲಿಕೈಯನ್ನೂ ಕೊಟ್ಟೆ. ಫೆಂಗ್‌ಚು ಅಕ್ಕ ಅವಳಿಗೆ ಬಸಳೆ ಸಾರು ತಂದುಕೊಟ್ಟರು.

ಮೊದಲ ಲೆಕ್ಕ ಬಂದ ದಿನ ಅವಳು ಫೋನ್ ಮಾಡಿದಳು. ಒಂದಕ್ಕೆ ಹತ್ತರ ಹತ್ತಿರ! ನಾನು ಕಚೇರಿಯ ಮುಂದೆ ಪಟಾಕಿ ಸರ ಹಚ್ಚಿದೆ. ನೀವೂ ಇದ್ದಿರಿ.

ಸಭಿಕರೇ, ಆಮೇಲೆ ಅವಳು ಮೂರನೆಯ ಪಟ್ಟಿಯೊಂದನ್ನು ತಂದಳು. ಆಸ್ಪತ್ರೆಗಳ ಕೈ ಶಸ್ತ್ರಚಿಕಿತ್ಸೆಯ ಪಟ್ಟಿ. ಅದನ್ನು ಸೇರಿಸಿದ ಕೂಡಲೇ ಹತ್ತು ಕುಸಿದು ಮೂರಾಯಿತು. ಮೂರೂ ಅಲ್ಲ, "ಎರಡೂವರೆಯಿಂದ ನಾಲ್ಕರ ನಡುವೆ ಎಲ್ಲೋ" ಎಂದಳು. ಎಲ್ಲೋ! ಕಾರ್ಖಾನೆಯ ಗೇಟಿನ ಮುಂದೆ ನಿಂತು "ಎರಡೂವರೆಯಿಂದ ನಾಲ್ಕರ ನಡುವೆ ಎಲ್ಲೋ!" ಎಂದು ಕೂಗಿದರೆ ಕಾವಲುಗಾರನ ನಾಯಿಯೂ ಬೊಗಳುವುದಿಲ್ಲ.

ನಾನು ಅವಳ ವಿಭಾಗಕ್ಕೆ ಹೋದೆ. ಮೋಟಾರ್ ಬೈಕಿನಲ್ಲಿ, ಊಟ ಬಿಟ್ಟು, ಉರಿಯುತ್ತಾ. ಒಳಗೆ ಕಂಪ್ಯೂಟರುಗಳ ಮುಂದೆ ಹುಡುಗ ಹುಡುಗಿಯರು. ಅವಳ ಯಂತ್ರದ ಮೇಲೆ ಒಂದು ಹಸಿರು ಪೊಟ್ಟಣವಿತ್ತು, ಜೋಳದ ಕುರುಕಲು. ಜಗಳ ಆಡುತ್ತಾ ಆಡುತ್ತಾ ಅದನ್ನು ಹರಿದು ತಿಂದುಬಿಟ್ಟೆ. ಕೋಣೆಯಲ್ಲಿದ್ದವರೆಲ್ಲ ಹೆಣ ಕಂಡ ಹಾಗೆ ಎದ್ದು ನಿಂತರು. ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು, "ಅಯ್ಯೋ ಮಾವಾ, ಅದು ಮಿಷನ್ನಿಗೆ ಇಟ್ಟಿದ್ದು!" ಎಂದಳು. ಯಂತ್ರ ಹಠ ಮಾಡದೆ ನಡೆಯಲಿ ಎಂದು ಹಸಿರು ಪೊಟ್ಟಣ ಇಡುವುದು ನನಗೆ ತಿಳಿಯದ್ದೇ? ನಮ್ಮ ಬ್ಯಾಂಕಿನಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ಕೋಪಕ್ಕೆ ಕಣ್ಣಿರಲಿಲ್ಲ. ಚಿಯು ಮಾತ್ರ ನಗಲಿಲ್ಲ, ಬೈಯಲಿಲ್ಲ. "ಪರವಾಗಿಲ್ಲ ಅಣ್ಣ, ನೀವು ಊಟ ಮಾಡಿಲ್ಲ ಅಂತ ಕಾಣುತ್ತೆ" ಎಂದಳು. ಅವಳ ಲೆಕ್ಕ ಆ ಮಧ್ಯಾಹ್ನ ಅರ್ಧಕ್ಕೇ ನಿಂತುಹೋಯಿತಂತೆ. ಅದು ನನ್ನಿಂದಲೋ ಕರೆಂಟಿನಿಂದಲೋ ದೇವರೇ ಬಲ್ಲ. ಪ್ರೊಫೆಸರ್ ಖಾಂಗ್ ನಗುತ್ತಿದ್ದಾರೆ. ನಗಿ ಸಾರ್. ನಗುವ ಭಾಗ ಇಷ್ಟೇ.

ನಾನು ಅವಳಿಗೆ ಹೇಳಿದ್ದು ಇದು. "ಆ ಮೂರನೇ ಪಟ್ಟಿ ತೆಗೆದು ಬಿಸಾಡು. ಆಸ್ಪತ್ರೆಯವರೂ ಮಾಲೀಕರೂ ಒಂದೇ ತಟ್ಟೇಲಿ ಉಣ್ಣೋರು. ಎರಡು ಪಟ್ಟಿ ಸಾಕು, ಹತ್ತು ಸಾಕು. ಯಾವ ಪ್ರೊಫೆಸರ್ ಬಂದು ಕೇಳ್ತಾನೆ?"

ಅವಳು ಹೇಳಿದ್ದು ಇದು. "ಅಣ್ಣ, ನಿಮ್ಮ ಹತ್ರ ಬರೋರು ಯಾರು? ಮಾಲೀಕ ವಿಮೆಗೆ ಹೆಸರೇ ಬರೆಸದೆ ಇದ್ದೋರು. ವಿಮೆ ಸಿಕ್ಕಿದೋನು ನಿಮ್ಮ ಬಾಗಿಲಿಗೆ ಯಾಕೆ ಬರ್ತಾನೆ? ಗುರುತು ಹಾಕಿದ ಮೀನು ನಿಮ್ಮ ಬಲೆ ಕಡೆ ತಲೇನೇ ಹಾಕಲ್ಲ. ಅದಕ್ಕೆ ಕೊಳ ದೊಡ್ಡದಾಗಿ ಕಾಣ್ತಿದೆ. ಕೊಳ ದೊಡ್ಡದಿಲ್ಲ."

ಉತ್ತರ ಇಲ್ಲದವನು ಏನು ಮಾಡುತ್ತಾನೆ? ಕುಲ ಎತ್ತುತ್ತಾನೆ. ಜೀವಮಾನವೆಲ್ಲ ಅದರ ವಿರುದ್ಧ ಕೂಗಿದವನು ನಾನು, ಅವಳ ಗೆಳತಿಯರ ಎದುರಿಗೆ ಅಂದೆ: "ಎಷ್ಟಂದ್ರೂ ಮಾಲೀಕನ ಮಗಳಲ್ವಾ. ಅಪ್ಪನ ಅನ್ನ ಮಾತಾಡ್ತಿದೆ."

ಹೌದು, ಮುಹುವೊ ಅವರು ಎರಡು ಪ್ರೆಸ್ ಇಟ್ಟುಕೊಂಡ ಮಾಲೀಕರು. ಮನೆಯ ಕೆಳಗೇ ಶೆಡ್ಡು. ಅಷ್ಟು ಮಾತ್ರ ನನಗೆ ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಚಿಯು ಹರಿದ ಹಸಿರು ಪೊಟ್ಟಣವನ್ನು ಮಡಚಿ ಕಸದ ಬುಟ್ಟಿಗೆ ಹಾಕಿದಳು. "ಜುಲೈನಲ್ಲಿ ಮೌಖಿಕ ಪರೀಕ್ಷೆ ಇದೆ ಅಣ್ಣ. ಯಾರು ಬೇಕಾದರೂ ಬಂದು ಕೂರಬಹುದು" ಎಂದಳು. ಅಷ್ಟೇ.

ಯಾರು ಬೇಕಾದರೂ ಬರಬಹುದು ಎಂದಳಲ್ಲ? ನಾನು ಬಸ್ಸು ಮಾಡಿದೆ. ಸಭಿಕರೇ, ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ಮೇಜಿನ ಆಚೆ ಮೂರು ಜನ ಕೂತು, ಈಚೆ ಒಬ್ಬರು ನಿಂತು ಉತ್ತರ ಹೇಳುವುದನ್ನು ನಾವು ಕಂಡಿರುವುದು ಎಲ್ಲಿ? ಕಾರ್ಮಿಕ ಇಲಾಖೆಯ ರಾಜಿ ವಿಚಾರಣೆಯಲ್ಲಿ. ಅಲ್ಲಿ ಜನ ಹೆಚ್ಚು ಸೇರಿದಷ್ಟೂ ಪರಿಹಾರ ಹೆಚ್ಚು. ಹಾಗಾಗಿ ತಲೆಗೆ ಹಳದಿ ಪಟ್ಟಿ, ಪಟ್ಟಿಯ ಮೇಲೆ "ಹತ್ತು", ಕೈಯಲ್ಲಿ ತಮಟೆ. ನಮ್ಮ ಮನಸ್ಸಿನಲ್ಲಿ ಹುಡುಗಿಗೆ ಬೆಂಬಲ. ನನ್ನ ಮನಸ್ಸಿನ ತಳದಲ್ಲಿ ಬೇರೆ ಇತ್ತು: ಇಷ್ಟು ಜನ ಎದುರಿಗೆ ಕೂತರೆ ಅವಳು ಮೂರು ಎಂದು ಹೇಗೆ ಹೇಳುತ್ತಾಳೋ ನೋಡೋಣ. ಮಾಲೀಕರು ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು, "ಮನೇಲಿ ಕುಯ್ದುಕೊಂಡೆ ಅಂತ ಹೇಳಪ್ಪ" ಎನ್ನುವುದನ್ನು ನಾವೆಲ್ಲ ಬಲ್ಲೆವು. ನಾನು ಹಾಸಿಗೆಯ ಪಕ್ಕ ನಿಲ್ಲಲಿಲ್ಲ. ಬಸ್ಸು ತುಂಬ ನಿಮ್ಮನ್ನು ತಂದು ನಿಲ್ಲಿಸಿದೆ.

ಕಾವಲುಗಾರ ತಮಟೆಯನ್ನು ಗೇಟಿನಲ್ಲೇ ಇಡಿಸಿದ. ಬಾಯಲ್ಲಿದ್ದ ಅಡಿಕೆ ಉಗುಳಿಸಿದ. ಕೋಣೆ ಎಷ್ಟು ಚಿಕ್ಕದು ಎಂದರೆ ಅರ್ಧ ಜನ ಗೋಡೆಗೆ ಒರಗಿ ನಿಂತರು. ಹಿಂದೆ ಉದ್ದ ಮೇಜಿನ ಮೇಲೆ ಪರೀಕ್ಷಕರಿಗೆ ಅನ್ನದ ಡಬ್ಬಿ, ಚಹಾ, ಹೆಚ್ಚಿದ ಹಣ್ಣು. ಹತ್ತಿಯ ಕೈಗವಸು ತೊಟ್ಟ ಒಬ್ಬ ಮುದುಕ ಸೀಬೆಹಣ್ಣು ಹೆಚ್ಚುತ್ತಿದ್ದ. ನಾನು ಅವನಿಗೆ, "ಏ ಡಬ್ಬಿಯಣ್ಣ, ನಮ್ಮ ಜನಕ್ಕೂ ನಾಲ್ಕು ಚೂರು ಇರಲಿ" ಎಂದೆ. ಅವನು ತಲೆಯಾಡಿಸಿದ.

ಪರೀಕ್ಷಕರಾದ ಪ್ರೊಫೆಸರ್ ಖಾಂಗ್ ಕನ್ನಡಕ ಏರಿಸಿ ನಮ್ಮನ್ನು ನೋಡಿದರು. ಚಿಯುವನ್ನು ಕೇಳಿದರು: "ಇವರೆಲ್ಲಾ ಯಾರಮ್ಮ? ನಿನ್ನ ನೆಂಟರೋ, ನಿನ್ನ ದತ್ತಾಂಶವೋ?"

"ಎರಡೂ ಸಾರ್" ಎಂದಳು.

ಪರೀಕ್ಷೆ ಶುರುವಾಯಿತು. ಪರದೆಯ ಮೇಲೆ ಸಾಲುಸಾಲು ಸೂತ್ರ, ನಮಗೆ ಗೋಡೆಯ ಸುಣ್ಣದಷ್ಟೇ ಅರ್ಥವಾಯಿತು. ಆದರೆ ಮೂರು ಎಂಬ ಅಂಕಿ ಬಂದಾಗ ಅರ್ಥವಾಯಿತು. ನೀವು ತಿರುಗಿ ನನ್ನ ಮುಖ ನೋಡಿದಿರಿ. ಯಾರೋ ತಲೆಯ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಗ ಖಾಂಗ್ ಸಾರ್ ಪೆನ್ನು ಕೆಳಗಿಟ್ಟು ಕೇಳಿದರು:

"ಎರಡೇ ಪಟ್ಟಿಗೆ ನಿಲ್ಲಿಸಿದ್ದರೆ ಹತ್ತು ಬರ್ತಿತ್ತು. ಪ್ರಬಂಧ ಸಲೀಸಾಗಿ ಮುಗೀತಿತ್ತು. ಪೇಪರಿನೋರೂ ಬರ್ತಿದ್ರು. ನಿನ್ನ ಹಿಂದೆ ಹತ್ತು ಅಂತ ಹಣೆಗೆ ಕಟ್ಟಿಕೊಂಡೋರು ಕೂತಿದಾರೆ. ಮೂರನೇ ಪಟ್ಟಿ ಯಾಕಮ್ಮ ತಂದೆ? ನಿನಗೇನು ಹುಚ್ಚಾ?"

ಈಗ ಹೇಳುತ್ತಾಳೆ ಎಂದುಕೊಂಡೆ. ಬಿಸಾಡು ಎಂದು ಈ ಮನುಷ್ಯ ನನ್ನ ಕೋಣೆಗೇ ಬಂದು ಕೂಗಾಡಿದ, ಅಪ್ಪನನ್ನು ಎತ್ತಿ ಆಡಿದ ಎಂದು ನಿಮ್ಮೆಲ್ಲರ ಮುಂದೆ ಹೇಳುತ್ತಾಳೆ. ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಸಾರ್, ಕಾಣದೆ ಇರೋರನ್ನ ಎಣಿಸೋದು ನನ್ನ ಕೆಲಸ. ಇಲ್ಲದೆ ಇರೋರನ್ನ ಹುಟ್ಟಿಸೋದಲ್ಲ. ನಾನು ಒಬ್ಬ ಸುಳ್ಳು ಮನುಷ್ಯನ್ನ ಸೇರಿಸಿದರೆ, ಅದನ್ನ ತೋರಿಸಿ ಮಾಲೀಕರು ನಿಜವಾದ ಮೂವರನ್ನೂ ಅಳಿಸಿಬಿಡ್ತಾರೆ. ಇವರು ಒಂದು ಸಲ ಬೆರಳು ಕಳಕೊಂಡಿದಾರೆ. ನನ್ನ ಲೆಕ್ಕದಿಂದ ಇನ್ನೊಂದು ಸಲ ಕಳಕೊಳ್ಳೋದು ಬೇಡ."

ಖಾಂಗ್ ಸಾರ್ ಬಿಡಲಿಲ್ಲ, ಅವರ ಕೆಲಸವೇ ಅದು. "ಸರಿ. ಆದರೆ ಮೊದಲ ಅಧ್ಯಾಯದಲ್ಲಿ 'ಸಂಘದ ಪ್ರಕಾರ ಹತ್ತು' ಅಂತ ಬರೆದಿದೀಯ. ಆಧಾರ ಎಲ್ಲಿ? ಕಾರ್ಯದರ್ಶಿಗಳು ಇಲ್ಲೇ ಇದಾರಂತಲ್ಲ, ಅವರೇ ಹೇಳಲಿ."

ನಾನು ಎದ್ದೆ. ಪೊಲೀಸರ ನೀರಿನ ಫಿರಂಗಿಯ ಮುಂದೆ ನಿಂತವನು ನಾನು. ನಿಮ್ಮ ಮುಂದೆ, ಆ ಹುಡುಗಿಯ ಮುಂದೆ ನಿಂತು ಅಂದೆ: "ಯಾರೋ ಒಬ್ಬರು ದೊಡ್ಡ ಪ್ರೊಫೆಸರ್ ಹೇಳಿದ್ದು ಸಾರ್."

"ಯಾವ ಪ್ರೊಫೆಸರ್?"

"ಹೆಸರು ಮರೆತಿದೆ."

ಪಕ್ಕದಲ್ಲಿ ಫೆಂಗ್‌ಚು ಅಕ್ಕ ನನ್ನ ಅಂಗಿ ಜಗ್ಗಿದರು. "ಕೂತ್ಕೋ ಶಾನಣ್ಣ. ಸಾಕು, ಕೂತ್ಕೋ." ನನಗೆ ಬೆರಳು ಹೋದ ದಿನ ನೋವಾಗಿತ್ತು, ನಾಚಿಕೆಯಾಗಿರಲಿಲ್ಲ. ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ನಾಚಿಕೆ ಎಂದರೆ ಏನು ಎಂದು ತಿಳಿಯಿತು.

ಪರೀಕ್ಷಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳಬೇಕು, ಎಲ್ಲರೂ ಆಚೆ ಹೋಗಿ ಎಂದರು. ಓಣಿಯಲ್ಲಿ ಚಿಯು ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಎರಡು ವರ್ಷದ ದುಡಿಮೆ ಬಾಗಿಲ ಆಚೆ ತೂಗುಯ್ಯಾಲೆಯಲ್ಲಿತ್ತು. ನನ್ನ ಸುಳ್ಳಿನಿಂದ ಅವಳ ಮೊದಲ ಅಧ್ಯಾಯವೇ ಬಿದ್ದುಹೋಗಿತ್ತು. ಆ ಮುದುಕ ಸೀಬೆಯ ತಟ್ಟೆ ಹಿಡಿದು ಬಂದ. ಕೈಗವಸು ಕಳಚಿದ್ದ. ನನಗೆ ತಟ್ಟೆ ಚಾಚಿದ.

ತಟ್ಟೆ ಹಿಡಿದ ಎಡಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಇದ್ದವು.

"ತಗೊಳ್ಳಿ. ಚಿಯು ಅಪ್ಪ ನಾನು" ಎಂದರು.

"ಇದು… ಎಲ್ಲಿ?" ಎಂದೆ.

"ನನ್ನ ಶೆಡ್ಡಲ್ಲೇ. ನನ್ನ ಮಿಷನ್ನಲ್ಲೇ. ಆರ್ಡರು ಅರ್ಜೆಂಟಿತ್ತು, ಕೈ ಸಿಗದ ಹಾಗೆ ಕಾಯೋ ಪಟ್ಟಿ ಬಿಚ್ಚಿಟ್ಟು ಒತ್ತಿದೆ."

"ಎಲ್ಲೂ ಹೇಳಲಿಲ್ವಾ?"

"ಯಾರ ಹತ್ರ ಹೇಳ್ಲಿ ಮಹರಾಯ? ಮಾಲೀಕನ ಮೇಲೆ ದೂರು ಕೊಡೋಕೆ ಮಾಲೀಕನೇ ಹೋಗಬೇಕಿತ್ತು." ಅವರು ನಕ್ಕರು. "ಮನೇಲೇ ಔಷಧಿ ಹಾಕ್ಕೊಂಡೆ. ಯಾವ ಪಟ್ಟೀಲೂ ನಾನಿಲ್ಲ. ಇವಳಿಗೆ ಹೇಳಿದೆ, ನನ್ನನ್ನೂ ಒಂದು ಲೆಕ್ಕಕ್ಕೆ ಹಿಡಿಯೇ ಅಂತ. 'ಅಪ್ಪಾ, ಇದು ಕೂಲಿಯೋರ ಲೆಕ್ಕ. ನಿನ್ನ ಸೇರಿಸಿದ್ರೆ ಅದು ಲೆಕ್ಕ ಆಗಲ್ಲ, ಪ್ರೀತಿ ಆಗುತ್ತೆ' ಅಂದ್ಲು."

ಕೇಳಿದಿರಾ ಸಭಿಕರೇ? ಸ್ವಂತ ಅಪ್ಪನನ್ನು ಲೆಕ್ಕದಿಂದ ಆಚೆ ಇಟ್ಟವಳಿಗೆ ನಾನು ಅಪ್ಪನ ಅನ್ನದ ಮಾತು ಆಡಿದ್ದೆ. ಸೀಬೆಯ ಚೂರು ಬಾಯಿಗಿಟ್ಟುಕೊಂಡೆ. ಒಣಪ್ಲಮ್ಮಿನ ಪುಡಿ ಹಾಕಿದ್ದರು. ಉಪ್ಪಿತ್ತು, ಸಿಹಿಯಿತ್ತು.

ಬಾಗಿಲು ತೆರೆಯಿತು. ಖಾಂಗ್ ಸಾರ್ ಹೊರಗೆ ಬಂದು ಕೈ ಮುಂದೆ ಮಾಡಿ, "ಅಭಿನಂದನೆ" ಎಂದರು. ಪಾಸು! ನೀವು ಕೂಗಿದ ಕೂಗಿಗೆ ಕೆಳಗಿನ ಮಹಡಿಯವರು ಭೂಕಂಪವೆಂದು ಮೇಜಿನ ಕೆಳಗೆ ಹೊಕ್ಕರಂತೆ. ಆದರೆ ಅವರು ಒಂದು ಷರತ್ತು ಹಾಕಿದ್ದರು. "ಹತ್ತರ ಆಧಾರ ಹುಡುಕಿ ಬರಿ. ಸಿಗದಿದ್ದರೆ ಸಿಗಲಿಲ್ಲ ಅಂತ ಬರಿ."

ಅವಳು ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಸಂದೇಶ ಕಳಿಸಿದಳು: "ಅಣ್ಣ, ಯಾರನ್ನೂ ದೂರೋಕಲ್ಲ. ಒಂದು ಸಾಲು ಸಾಕು." ನಾನು ಉತ್ತರಿಸಲಿಲ್ಲ. ಪ್ರಬಂಧ ಒಪ್ಪಿಸುವ ದಿನ ದಾಟಿತು. ನೀಲಿ ರಟ್ಟಿನ, ಚಿನ್ನದ ಅಕ್ಷರದ ಪ್ರತಿಯನ್ನು ತಾನೇ ತಂದು ಕಚೇರಿಯಲ್ಲಿ ಕೊಟ್ಟಳು. ಒಳಗೆ ಕೈಬರಹದಲ್ಲಿ "ಶಾನಣ್ಣನಿಗೆ, ಕೀಲಿಕೈ ಕೊಟ್ಟದ್ದಕ್ಕೆ" ಎಂದಿತ್ತು. ಮೊದಲ ಅಧ್ಯಾಯ ತಿರುವಿದೆ. "ಈ ಸಂಖ್ಯೆಯ ಆಧಾರ ಲೇಖಕಿಗೆ ಸಿಗಲಿಲ್ಲ." ಸುಳ್ಳು ಹೇಳಿದವನ ಹೆಸರಿಲ್ಲ. ನನ್ನನ್ನು ಆ ಪುಟದಿಂದಲೂ ಕಾಪಾಡಿದ್ದಳು.

ಇಷ್ಟಾದ ಮೇಲೂ ನಾನು ಏನು ಮಾಡಿದೆ? ಇವತ್ತಿನ ಸಭೆಗೆ ಇದೇ ಹಳದಿ ಬಟ್ಟೆ ಕಟ್ಟಿಸಿದೆ. ಅವಳ ತಲೆಯ ಮೇಲೆ, ಅವಳ ಸನ್ಮಾನಕ್ಕೆ, ಅವಳು ಸುಳ್ಳು ಎಂದು ತೋರಿಸಿಕೊಟ್ಟ ಅಂಕಿ! ಅಭ್ಯಾಸದಿಂದ ಎಂದು ಹೇಳಿದರೆ ನಂಬಬೇಡಿ. ಹತ್ತನ್ನು ಬಿಟ್ಟರೆ ಖುನ್‌ಶಾನ್ ಯಾರು ಎಂಬ ಹೆದರಿಕೆಯಿಂದ.

ಕುಮಾರಿ ಚಿಯು, ಆಧಾರ ಕೇಳಿದ್ದೆಯಲ್ಲ, ಬರೆದುಕೋ. ನಮ್ಮ ಮೊದಲ ಮೆರವಣಿಗೆ, ಜಿಲ್ಲಾ ಕಚೇರಿಯ ಮುಂದೆ. ಒಬ್ಬ ಪತ್ರಕರ್ತ ಕೇಳಿದ: "ಲೆಕ್ಕಕ್ಕೆ ಬರದವರು ಎಷ್ಟಿದಾರೆ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಗೆ ಬರಲಿಲ್ಲ. ಸಿಟ್ಟಿನಲ್ಲಿ ಎರಡೂ ಕೈ ಎತ್ತಿ ಅವನ ಮುಖಕ್ಕೆ ಹಿಡಿದೆ, "ಇದನ್ನ ನೋಡಯ್ಯಾ!" ಎಂದು. ಅವನು ಹತ್ತು ಎಂದು ಬರೆದುಕೊಂಡ. ಮರುದಿನ ಪೇಪರಿನಲ್ಲಿ ಬಂತು, ಅದರ ಮರುದಿನ ಬಟ್ಟೆಯ ಮೇಲೆ ಬಂತು.

ನನ್ನ ಕೈ ನೋಡಿ. ಎಡಗೈಯಲ್ಲಿ ಐದು. ಬಲಗೈಯಲ್ಲಿ ಮೂರು, ಒಂದು ಮೋಟು. ಇದು ಹತ್ತೇ? ಕತ್ತರಿಸಿಹೋದ ಕೈಯನ್ನು ಮುಖಕ್ಕೆ ಹಿಡಿದರೂ ಅವನು ಬೆರಳು ಎಣಿಸಲಿಲ್ಲ. ಅವನು ಹೊರಗಿನವನು, ಬಿಡಿ. ಅವನ ಹತ್ತನ್ನು ಇಷ್ಟು ವರ್ಷ ಕೂಗಿದ ನಾನು ನನ್ನ ಬೆರಳನ್ನು ಎಣಿಸಿದೆನೇ? ನಮ್ಮನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ಊರೆಲ್ಲ ಅತ್ತವನು ನಾನೇ ಲೆಕ್ಕ ಹಾಕಲಿಲ್ಲ. ಹಾಕಿದವಳು ಇವಳೊಬ್ಬಳು.

ಫೆಂಗ್‌ಚು ಅಕ್ಕ, ಗಂಟೆ ಬಾರಿಸಬೇಡಿ, ಮುಗಿಯಿತು. ಪ್ರತಿವರ್ಷ ಕೊನೆಯಲ್ಲಿ ನಾವು ಎರಡೂ ಕೈ ಎತ್ತಿ ಹತ್ತು ಎಂದು ಕೂಗುತ್ತೇವೆ. ಈ ವರ್ಷ ಎಡಗೈ ಕೆಳಗಿರಲಿ. ನಾನು ಈ ಬಲಗೈ ಒಂದನ್ನೇ ಎತ್ತುತ್ತೇನೆ. ಮೂರು ಬೆರಳು ನೆಟ್ಟಗೆ ನಿಂತಿವೆ. ಮೋಟು ಅಲ್ಲಾಡುತ್ತದೆ, ಅದು ಅವಳ "ನಡುವೆ ಎಲ್ಲೋ." ಒಬ್ಬನ ಹೆಸರು ಬರೆದು ಇಬ್ಬರನ್ನು ಬಚ್ಚಿಡುವುದು ಸಣ್ಣ ಕಳ್ಳತನವೇ? ಮೂರು ಎಂದು ಕೂಗಲು ಗಂಟಲು ನಾಚಬೇಕಾಗಿಲ್ಲ. ನಾಚಬೇಕಾದವನು ನಾನೊಬ್ಬನೇ, ನೀವು ಜೋರಾಗಿ ಕೂಗಿ. ಬಟ್ಟೆಯ ಗಂಟನ್ನು ಯಾರಾದರೂ ಬಿಚ್ಚಿಕೊಡಿ. ಈ ಕೈಯಲ್ಲಿ ನನಗೆ ಗಂಟು ಬಿಚ್ಚಲಾಗುವುದಿಲ್ಲ.

ಮುಹುವೊ ಅವರೇ, ನಿಮ್ಮನ್ನು ಡಬ್ಬಿಯಣ್ಣ ಎಂದು ಕರೆದದ್ದಕ್ಕೆ ತಲೆ ಬಾಗಿದ್ದೇನೆ. ಪ್ರೊಫೆಸರ್ ಸಾರ್, ನಾನು ಹೆಸರು ಮರೆತ ಆ ದೊಡ್ಡ ಪ್ರೊಫೆಸರ್ ಹುಟ್ಟೇ ಇಲ್ಲ. ತಾಯೀ ಚಿಯು, ನಿನ್ನ ಪುಸ್ತಕ ಇನ್ನೊಮ್ಮೆ ಅಚ್ಚಾದರೆ ಆ ಸಾಲನ್ನು ತಿದ್ದು: "ಆಧಾರ: ಖೊ ಖುನ್‌ಶಾನ್ ಅವರ ಎರಡು ಕೈಗಳು. ಎಣಿಸಿರಲಿಲ್ಲ." ಈ ಚೀಲದಲ್ಲಿ ನಿನ್ನ ಯಂತ್ರಕ್ಕೆ ಒಂದು ಹಸಿರು ಪೊಟ್ಟಣವಿದೆ, ತೆರೆದಿಲ್ಲ.

ಕಿವಿ ಕೊಟ್ಟ ನಿಮಗೆಲ್ಲ ಕೃತಜ್ಞತೆಗಳು. ಇರುವಷ್ಟು ಬೆರಳು ಜೋಡಿಸಿ, ನಮಸ್ಕಾರ.